ಕಡಲೆ ಎಲೆಯ ಮೇಲಿನ ಚರಗ

ನನ್ನ ತಂಗಿಗೆ ಕಡಲೆ ಎಲೆ ನೆಕ್ಕುವ ಚಟ ಚಿಕ್ಕಂದಿನಿಂದಲೂ ಇತ್ತು. ಚಳಿಗಾಲದ ಬೆಳಿಗ್ಗೆ ಭಾಲ್ಕಿ ತಾಲೂಕಿನ ಭಾತಂಬ್ರಾದ ನಮ್ಮ ಹೊಲಕ್ಕೆ ಹೋದರೆ ಸಾಕು, ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಎಲೆ ಹರಿಯದೆ, ಗಿಡ ಅಲುಗಿಸದೆ, ನಾಲಿಗೆಯ ತುದಿಯನ್ನಷ್ಟೇ ತಾಗಿಸಿ ಕಣ್ಣು ಮುಚ್ಚುತ್ತಿದ್ದಳು. ಕಡಲೆ ಎಲೆಯ ಮೇಲೆ ಒಂದು ಹುಳಿ ಕೂತಿರುತ್ತದೆ. ಬರಿಗಾಲಲ್ಲಿ ಆ ಹೊಲ ದಾಟಿದವರಿಗೆ ಗೊತ್ತು, ಕಾಲು ಚುರುಗುಟ್ಟುತ್ತದೆ. ನಮ್ಮ ಅವ್ವ ಸಂಜೆ ಕಡಲೆಯ ಮೇಲೆ ಬಿಳಿ ಬಟ್ಟೆ ಹಾಸಿ ಬರುತ್ತಿದ್ದಳು. ಇಬ್ಬನಿಗೆ ತೊಯ್ದ ಬಟ್ಟೆ ಆ ಹುಳಿಯನ್ನು ಹೀರಿಕೊಂಡಿರುತ್ತಿತ್ತು. ಬೆಳಿಗ್ಗೆ ಹಿಂಡಿ ಶೀಶೆಯಲ್ಲಿಟ್ಟರೆ ಹೊಟ್ಟೆನೋವಿಗೆ ಮನೆಮದ್ದು. ಅವ್ವ ಬಟ್ಟೆಯಿಂದ ತೆಗೆದದ್ದನ್ನು ತಂಗಿ ನೇರ ನಾಲಿಗೆಯಿಂದ ತೆಗೆಯುತ್ತಿದ್ದಳು. ನಾನು ಅವಳಿಗೆ ‘ಆಡು’ ಎಂದು ಹೆಸರಿಟ್ಟೆ.

ಈಗ ಆ ಆಡು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದೆ. ಕೆಲಸವೂ ಅದೇ. ಫರಕು ಇಷ್ಟೇ, ಆಗ ಬಿಟ್ಟಿ ನೆಕ್ಕುತ್ತಿದ್ದಳು, ಈಗ ಪಗಾರ ತೆಗೆದುಕೊಂಡು ಯಂತ್ರದ ಕೈಯಿಂದ ನೆಕ್ಕಿಸುತ್ತಾಳೆ.

ಈ ಮಾತು ಹೇಳಿ ನಾನು ಭಾಲ್ಕಿಯ ಸಂತೆಯಲ್ಲಿ ಎಷ್ಟೋ ಜನರನ್ನು ನಗಿಸಿದ್ದೇನೆ. ಆದರೆ ಆ ಯಂತ್ರಕ್ಕೆ ಒಮ್ಮೆ ನಾನು ತಿನ್ನಿಸಿದ್ದು ಏನು ಎಂಬುದನ್ನು ನಗಿಸಲಿಕ್ಕೆ ಹೇಳಲು ಬಾಯಿ ಬರಲಿಲ್ಲ. ಅದನ್ನು ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ತಂಗಿ ಓದಲಿ ಎಂದು ಅಣ್ಣ ತ್ಯಾಗ ಮಾಡಿದ ಎಂದು ನಮ್ಮ ಕಡೆಯ ಕೆಲವರು ಸಭೆಯಲ್ಲಿ ಹೇಳುತ್ತಾರೆ, ಅದು ಸುಳ್ಳು. ಯಾರೂ ನನ್ನನ್ನು ಬಿಡಿಸಲಿಲ್ಲ. ಭಾಗಾಕಾರ ಬಿಡಿಸಿತು. ಅವಳು ಓದಿದ್ದು ಅವಳ ಹಟಕ್ಕೆ, ನಾನು ಬಿಟ್ಟದ್ದು ನನ್ನ ಸೋಮಾರಿತನಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕತೆಯಲ್ಲಿ ನನ್ನ ಮೇಲೆ ಯಾರಿಗಾದರೂ ಸುಮ್ಮಸುಮ್ಮನೆ ಕನಿಕರ ಹುಟ್ಟೀತು.

ಆ ವರ್ಷ ದಸರೆಗೆ ಬಂದಾಗ ಅವಳು ಒಲೆಯ ಮುಂದೆ ಕೂತು ತನ್ನ ಕೆಲಸ ಏನೆಂದು ನಮಗೆ ತಿಳಿಸಿ ಹೇಳಿದಳು. ನನ್ನ ಹೆಂಡತಿ, ಅಂದರೆ ಅವಳ ಅತ್ತಿಗೆ, ಅವಳ ಬಾಯಲ್ಲಿ ‘ವೈನಿ’, ರೊಟ್ಟಿ ಬಡಿಯುತ್ತಿದ್ದಳು. ಅವ್ವ ಬಾಗಿಲಿಗೆ ಒರಗಿದ್ದಳು.

“ಮೊದಲೆಲ್ಲಾ ಎಲಿ ಪೂರಾ ಅರೆದು ಹುಳಿ ಎಷ್ಟದ ಅಂತ ನೋಡ್ತಿದ್ರು, ವೈನಿ. ಅರೆದ್ರ ಎಷ್ಟದ ಅಂತ ತಿಳೀತದ, ಎಲ್ಲಿತ್ತು ಅಂತ ತಿಳಿಯಂಗಿಲ್ಲ. ಚಟ್ನಿ ರುಬ್ಬಿದ ಮ್ಯಾಲ ಬಳ್ಳೊಳ್ಳಿ ಯಾವ ಮೂಲ್ಯಾಗಿತ್ತು ಅಂತ ಹ್ಯಾಂಗ ಹೇಳ್ತೀರಿ?”

“ನಿಮ್ಮಣ್ಣ ಹೇಳ್ತಾರ. ಬಳ್ಳೊಳ್ಳಿ ಅವರ ಬಾಯಾಗೇ ಇರ್ತದ,” ಎಂದಳು ನನ್ನ ಹೆಂಡತಿ.

ತಂಗಿ ನಕ್ಕು ಮುಂದುವರಿಸಿದಳು. ಎಲೆಯನ್ನು ಅರೆಯದೆ ಗಾಜಿನ ಮೇಲೆ ಇದ್ದ ಹಾಗೇ ಕೂರಿಸುತ್ತಾರೆ. ಕಾಂಡವಾದರೆ ಕೂದಲಿಗಿಂತ ತೆಳ್ಳಗೆ ಕೊಯ್ದ ಬಿಲ್ಲೆ. ಅದರ ಮೇಲೆ ಕಾಣದಷ್ಟು ಸಣ್ಣಗೆ ಒಂದು ಔಷಧದ ತುಂತುರು. ಆಮೇಲೆ ಬೆಳಕಿನ ಸೂಜಿಯೊಂದು ಒಂದು ಚುಕ್ಕೆಯಲ್ಲಿ ಚುಚ್ಚುತ್ತದೆ. ಅಲ್ಲಿಂದ ಎದ್ದ ಹಬೆಯ ಒಂದೊಂದು ಕಣವನ್ನೂ ಯಂತ್ರ ತೂಗುತ್ತದೆ. ಸೇಬಿನಲ್ಲಿರುವ ಹುಳಿಯೇ ಕಡಲೆ ಎಲೆಯಲ್ಲೂ ಇದೆಯಂತೆ. ಅದಕ್ಕೆ ಒಂದು ತೂಕ. ಮಜ್ಜಿಗೆಯ ಹುಳಿಗೆ ಇನ್ನೊಂದು ತೂಕ. ಸೂಜಿ ಮುಂದಿನ ಚುಕ್ಕೆಗೆ ಹೋಗುತ್ತದೆ, ಅದರ ಮುಂದಿನದಕ್ಕೆ, ಕೂರಿಗೆ ಸಾಲು ಹಿಡಿದ ಹಾಗೆ. ಇಡೀ ಎಲೆ ಮುಗಿದ ಮೇಲೆ ಯಾವ ತೂಕ ಎಲ್ಲೆಲ್ಲಿ ಸಿಕ್ಕಿತೋ ಅಲ್ಲಲ್ಲಿ ಬಣ್ಣ ಇಟ್ಟು ಚಿತ್ರ ಬರೆದುಕೊಡುತ್ತದೆ.

“ಅಂದ್ರ ತಕ್ಕಡೀನೂ ಅದೇ, ಕ್ಯಾಮೆರಾನೂ ಅದೇ,” ಎಂದಳು ನನ್ನ ಹೆಂಡತಿ, ರೊಟ್ಟಿ ತಿರುವುತ್ತ.

“ವೈನಿ, ಇಷ್ಟು ಮಾತು ಹೇಳ್ಲಿಕ್ಕ ನಂಗ ಅಲ್ಲಿ ಅರ್ಧಾ ತಾಸು ಬೇಕಾಗ್ತದ.”

“ನಿಮ್ಮ ಯಂತ್ರ ನಮ್ಮ ಉಪ್ಪು ಹೆಚ್ಚು ಕಡಿಮಿ ಹೇಳ್ತದೇನವ್ವಾ?” ಅವ್ವ ಕೇಳಿದಳು.

“ಹೇಳ್ತದವ್ವಾ. ನಿನಗಿಂತ ಸಾವಕಾಶ.”

ತಂಗಿಗೆ ಬೇಕಾಗಿದ್ದು ಅವ್ವನ ಬೀಜ. ಅವ್ವ ಬೂದಿ ಹಾಕಿದ ಗಡಿಗೆಯಲ್ಲಿ ಇಡುತ್ತ ಬಂದ ಮನೆಯ ಕಡಲೆ ಅದು. ಕಾಳು ಸಣ್ಣದು, ಸುಕ್ಕು ಸುಕ್ಕು, ಅಡತಿ ಅಂಗಡಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕಾಯಿ ಕೊರೆಯುವ ಹುಳ ಅಂಗಡಿ ಬೀಜದ ಸಾಲಿನಲ್ಲಿ ಹಬ್ಬ ಮಾಡಿದರೆ ಅವ್ವನ ಸಾಲಿನಲ್ಲಿ ಉಪವಾಸ ಇರುತ್ತದೆ. ಯಾಕೆ? ಎಲೆಯ ಮೇಲಿನ ಕೂದಲಿನಂಥ ಸಣ್ಣ ಸುಂಕಿನ ತುದಿಯಲ್ಲಿ ಹುಳಿ ಬೇರೆ ರೀತಿ ಕೂತಿದೆಯೋ ಏನೋ ಎಂದು ಅವಳ ಅನುಮಾನ. ಚಿತ್ರದಲ್ಲಿ ಅದು ಕಂಡರೆ ಅವ್ವನ ಬೀಜದ ಮೇಲೆಯೇ ಮುಂದಿನ ಕೆಲಸ ಮಾಡಲು ಅವಳ ಮೇಲಿನವರು ಒಪ್ಪಿದ್ದರು. ಕಾಣದಿದ್ದರೆ ಬೇರೆಯವರ ಕೆಲಸಕ್ಕೆ ಕೈ ಹಚ್ಚಬೇಕಾಗಿತ್ತು. ಯಂತ್ರ ಇದ್ದದ್ದು ಒಂದು, ಸರದಿಯಲ್ಲಿ ನಿಂತವರು ಬಹಳ. ಅವಳ ಸರದಿ ಬಂದದ್ದು ಎಳ್ಳಮಾವಾಸ್ಯೆಯ ವಾರದಲ್ಲಿ.

ಎಳ್ಳಮಾವಾಸ್ಯೆ ಅಂದರೆ ನಮ್ಮ ಬೀದರ್ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿ. ಹಸಿ ಕಾಳು, ಎಳೆ ಸೊಪ್ಪು ಎಲ್ಲ ಹಾಕಿ ಕುದಿಸಿದ ಬಜ್ಜಿ, ಹೊಸ ಗಡಿಗೆಯಲ್ಲಿ ಜೋಳದ ಹಿಟ್ಟು, ಮಜ್ಜಿಗೆಯ ಅಂಬಲಿ, ಸಜ್ಜೆ ರೊಟ್ಟಿ, ಕಡುಬು. ಪೂಜೆ ಆದ ಮೇಲೆ ಎಲ್ಲವನ್ನೂ ಕಲಸಿ ಬುಟ್ಟಿಯಲ್ಲಿ ತುಂಬಿಕೊಂಡು ಹೊಲದ ಸುತ್ತ ಬೆಳೆಯ ಮೇಲೆ ಚೆಲ್ಲುತ್ತ ಹೋಗಬೇಕು. ಅದು ಚರಗ. ನಾವು ಉಣ್ಣುವ ಮೊದಲು ಹೊಲ ಉಣ್ಣಬೇಕು.

ಹಬ್ಬದ ಹಿಂದಿನ ವಾರ ಅವಳು ಬಂದು ಅವ್ವನ ಬೀಜದ ಮೂಲೆಯ ಕೆಲವು ಗಿಡಗಳಿಗೆ ಕೆಂಪು ರಿಬ್ಬನ್ ಕಟ್ಟಿ ಹೋದಳು. ಹಬ್ಬದ ಮರುದಿನ ಹೊಗೆಯಾಡುವ ಮಂಜಿನ ಪೆಟ್ಟಿಗೆ ತಂದು ಎಲೆ ಒಯ್ಯುವವಳಿದ್ದಳು.

“ಅಣ್ಣಾ, ಇವಕ್ಕ ಚರಗ ಬ್ಯಾಡ. ನೀರೂ ಬ್ಯಾಡ, ಕೈನೂ ಬ್ಯಾಡ. ಹುಳಿ ಎಲಿ ಮ್ಯಾಲೇ ಇರ್ತದ, ತೊಳಿಲಿಕ್ಕ ಬರಂಗಿಲ್ಲ. ಏನು ಬಿದ್ರೂ ಯಂತ್ರಕ್ಕ ಕಾಣಸ್ತದ.”

“ನಂಗ ಹೇಳ್ತೀಯೇನು ಆಡೇ? ಹುಲಿ ಕಾಯ್ದಂಗ ಕಾಯ್ತೇನಿ.”

“ಹುಲಿ ಕಡ್ಲಿ ಕಾಯ್ದದ್ದು ನಾ ಕೇಳಿಲ್ಲ. ನೀ ಮನುಷ್ಯಾ ಕಾಯ್ದಂಗ ಕಾಯಿ, ಸಾಕು.”

ಹಬ್ಬದ ದಿನ ಔರಾದ ತಾಲೂಕಿನ ಡಾಬಕಾದಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ಗಡಿಯ ಊರಿನವನು, ಅರ್ಧ ಮಾತು ಮರಾಠಿ, ಉಳಿದರ್ಧ ಚೇಷ್ಟೆ. ಅಕ್ಕನ ಗಂಡನಾದ ನನಗೆ ‘ದಾಜಿ’ ಎನ್ನುತ್ತಾನೆ. ನಾನು ಚರಗದ ಬುಟ್ಟಿ ಹೊತ್ತು ಮುಂದೆ, ಅವನು ನೀರಿನ ತಂಬಿಗೆ ಹಿಡಿದು ಹಿಂದೆ. ‘ಓಲಗ್ಯಾ ಓಲಗ್ಯಾ’ ಎಂದು ಚರಗದ ಕೂಗು ಹಾಕುತ್ತ ಬಂದು ಮೂಲೆಯ ಸಾಲುಗಳ ಹತ್ತಿರ ನಾನು ಬುಟ್ಟಿಯ ಮೇಲೆ ಕೈ ಮುಚ್ಚಿ ಸುಮ್ಮನೆ ದಾಟಿದೆ. ಅವನು ನಿಂತುಬಿಟ್ಟ.

“ದಾಜೀ, ಕಡ್ಲಿಗಿ ರಿಬ್ಬನ್ ಕಟ್ಟೀರಿ. ಪಾಟಿ-ಚೀಲ ಕೊಟ್ಟು ಸಾಲಿಗಿ ಕಳಿಸ್ತೀರೇನ್ರಿ?”

ಪಕ್ಕದ ಹೊಲದಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿದರು. ತಂಗಿಯ ಕೆಲಸಕ್ಕೆ ಬಿಟ್ಟದ್ದು ಎಂದೆ.

“ಅಂದ್ರ ತಂಗಿ ಹುಕುಂ! ಹೊಲ ದಾಜೀದು, ಚರಗ ದಾಜೀದು, ಹುಕುಂ ಮಾತ್ರ ಹೈದರಾಬಾದಿಂದು! ಪಾಪ, ಈ ಗಿಡಾ ಏನು ತಪ್ಪು ಮಾಡ್ಯಾವರಿ? ಹಬ್ಬದ ದಿನಾ ಉಪಾಸ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಬುಟ್ಟಿಯಿಂದ ಕೈ ತುಂಬ ತೆಗೆದು ರಿಬ್ಬನ್ನಿನ ಗಿಡಗಳ ಮೇಲೆ ಬೀಸಿ ಚೆಲ್ಲಿದೆ.

ಇಲ್ಲಿ ನಾನು ಭಕ್ತಿಯ ಹೆಸರು ತೆಗೆದುಕೊಳ್ಳಬಹುದಿತ್ತು. ಹಸಿದ ಗಿಡವನ್ನು ದಾಟಿಹೋಗಲಿಕ್ಕೆ ಮನಸ್ಸಾಗಲಿಲ್ಲ ಎಂದರೆ ಕೇಳುವವರೂ ತಲೆ ಆಡಿಸುತ್ತಾರೆ. ಆದರೆ ಆ ಹೊತ್ತಿನಲ್ಲಿ ನನಗೆ ಭೂಮ್ತಾಯಿಯ ನೆನಪೂ ಇರಲಿಲ್ಲ. ನೆರೆಹೊಲದವರ ಮುಂದೆ ತಂಗಿಯ ಮಾತು ಕೇಳುವವನು ಅನ್ನಿಸಿಕೊಳ್ಳಬಾರದು ಎಂಬುದೊಂದೇ ಇತ್ತು. ನನ್ನ ಹೆಂಡತಿ ದೂರದಿಂದ ನೋಡಿ, ರೊಟ್ಟಿಯ ಬುಟ್ಟಿಯ ಮುಚ್ಚಳ ಬಡಿದು ಮುಚ್ಚಿದಳು. 

ಮರುದಿನ ಬೆಳಕು ಹರಿಯುತ್ತಲೇ ಹೊಲಕ್ಕೆ ಓಡಿದೆ. ಎಲೆಗಳ ಮೇಲೆ ಬಜ್ಜಿಯ ಚೂರು ಒಣಗಿ ಅಂಟಿಕೊಂಡಿದ್ದವು. ಕಂಡದ್ದನ್ನೆಲ್ಲ ಉಗುರಿನಿಂದ ಬಿಡಿಸಿದೆ. ಆಮೇಲೆ ಹೆಗಲ ಮೇಲಿನ ಟವೆಲಿನ ತುದಿಯಿಂದ, ಉಂಡ ಕೂಸಿನ ಬಾಯಿ ಒರೆಸಿದ ಹಾಗೆ, ಒಂದೊಂದು ರೆಂಬೆಯನ್ನೂ ಒರೆಸಿದೆ. ನನ್ನ ಕಣ್ಣಿಗೆ ಎಲೆ ಮೊದಲಿಗಿಂತ ಚೆಂದ ಕಂಡಿತು.

ತಂಗಿ ಭಾಲ್ಕಿಯಲ್ಲಿ ರೈಲು ಇಳಿದು ನೇರ ಹೊಲಕ್ಕೇ ಬಂದಳು. ಪೆಟ್ಟಿಗೆ ತೆರೆದಾಗ ಹೊಗೆ ಎದ್ದಿತು. ಕೈಗೆ ತೆಳು ಗವಸು ಹಾಕಿಕೊಂಡು, ಗಿಡದ ಮುಂದೆ ಅದೇ ಹಳೆಯ ಕುಕ್ಕರಗಾಲು.

“ಅಣ್ಣಾ, ಏನರ ಬಿದ್ದದೇನು ಇವುಗಳ ಮ್ಯಾಲ?”

“ಏನೂ ಬಿದ್ದಿಲ್ಲ,” ಎಂದೆ.

ನನ್ನ ಜಾಣತನ ನೋಡಿ. ಬೀಳುವುದು ಬೇರೆ, ಚೆಲ್ಲುವುದು ಬೇರೆ. ಬಿದ್ದರೆ ತಾನಾಗಿ ಬಿದ್ದಿರಬೇಕು. ತಾನಾಗಿ ಏನೂ ಬಿದ್ದಿರಲಿಲ್ಲ. ಅವಳು ‘ಚೆಲ್ಲೀಯೇನು’ ಎಂದು ಕೇಳಿರಲಿಲ್ಲ. ಭಾಗಾಕಾರ ಬಾರದ ನಾನು ಆ ಬೆಳಿಗ್ಗೆ ಒಂದು ಮಾತನ್ನು ಎರಡಾಗಿ ಭಾಗಿಸಿ, ನನಗೆ ಬೇಕಾದ ಅರ್ಧವನ್ನು ಹಿಡಿದುಕೊಂಡು ನಿಂತಿದ್ದೆ.

ಹದಿನೈದು ದಿನದ ಮೇಲೆ ಚಿತ್ರ ಮೊಬೈಲಿಗೆ ಬಂತು. ಕಪ್ಪು ಮೈಯ ಮೇಲೆ ಬೆಳ್ಳಿ ಚುಕ್ಕೆ. ಬೀದರಿನ ಅಂಗಡಿಗಳ ಬಿದ್ರಿ ತಟ್ಟೆಯೇ. ಎಲೆಯ ಅಂಚಿನ ಸುಂಕಿನ ತುದಿಗಳಲ್ಲಿ ಅಲ್ಲಲ್ಲಿ ಸೇಬಿನ ಹುಳಿ ಮಿನುಗುತ್ತಿತ್ತು. ಅವ್ವ ಕನ್ನಡಕ ಹಾಕಿಕೊಂಡು ನೋಡಿ, “ನಂಗೊತ್ತಿತ್ತು, ಹುಳಿ ತುದೀಗೇ ಇರ್ತದ. ಬಟ್ಟಿಗಿ ತುದೀನೇ ತಾಗೋದು,” ಎಂದು ಕನ್ನಡಕ ಮಡಚಿದಳು.

ಸಂಜೆ ತಂಗಿಯ ಫೋನು. ಖುಷಿಯಲ್ಲಿದ್ದಳು, ಆದರೆ ಖುಷಿಯೊಳಗೆ ಒಂದು ಮುಳ್ಳು.

“ಅಣ್ಣಾ, ಎಲಿ ನಡುವ ದ್ವೀಪ ದ್ವೀಪ ಆಗಿ ಇನ್ನೊಂದು ಹುಳಿ ಕಾಣಸ್ತದ. ಮಜ್ಜಿಗಿ ಹುಳಿ ತೂಕ. ಕಡ್ಲಿ ಎಲಿ ಮ್ಯಾಲ ಇಷ್ಟು ಇರಬಾರ್ದು. ಮತ್ತ ಒಂದು ಕಡಿ ಕರೀ ಗೆರಿ, ಅಲ್ಲಿ ಹುಳಿನೇ ಇಲ್ಲ. ನೀ ಖರೇ ಹೇಳು, ಏನರ ಬಿದ್ದಿತ್ತೇನು?”

“ಇಬ್ಬನಿ ಬಿದ್ದಿರಬೇಕು.”

“ಇಬ್ಬನಿ ಎಲ್ಲಾ ಎಲಿಗೂ ಬೀಳ್ತದಣ್ಣಾ.”

“ಮತ್ತ ನಂಗೇನ್ ಗೊತ್ತು? ಓದಿದಾಕಿ ನೀನು.”

ಈ ಕೊನೆಯ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಸುಳ್ಳು ಹೇಳುವಾಗ ಅವಳ ಓದನ್ನೇ ಅಡ್ಡ ಹಿಡಿದೆ. ಅವಳು ನನ್ನನ್ನು ನಂಬಿ, ಯಂತ್ರದ ಮೇಲೆ ಅನುಮಾನ ಪಟ್ಟು, ಉಳಿದ ಎಲೆಗಳನ್ನು ಮತ್ತೆ ಮತ್ತೆ ನೋಡಿದಳಂತೆ. ಎಲ್ಲದರ ಮೇಲೂ ದ್ವೀಪ. ಇರಬೇಕಲ್ಲ, ನಾನು ಕೈ ತುಂಬ ಚೆಲ್ಲಿದ್ದೆ. ಕೊನೆಗೆ ಇದು ಗಿಡವೇ ಮಾಡಿಕೊಂಡ ಹುಳಿ ಇರಬೇಕು, ಹುಳ ಬರದಿರುವುದಕ್ಕೆ ಇದೇ ಕಾರಣ ಇರಬಹುದು ಎಂದು ಅವಳ ವಿಚಾರ ಆ ಕಡೆಗೆ ವಾಲಿತು.

ನನ್ನ ಹೆಂಡತಿ ದಿನಾ ಊಟಕ್ಕೆ ಬಡಿಸುವಾಗ ಕೇಳುತ್ತಿದ್ದಳು: “ನೀವು ಹೇಳ್ತೀರೋ, ನಾ ಹೇಳ್ಲ್ಯೋ?”

“ಹೇಳ್ತೇನಿ, ಹೇಳ್ತೇನಿ.”

“ಯಾವಾಗ? ಆಕಿ ಮುದುಕಿ ಆದ ಮ್ಯಾಲೇನು?”

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಬೀದರಿನಲ್ಲಿ ರೈತರು, ಬೆಳೆಯ ವಿಜ್ಞಾನಿಗಳು ಕೂಡುವ ಒಂದು ಸಭೆ ಇತ್ತು. ತಂಗಿ ಅಲ್ಲಿ ಮಾತಾಡುವವಳಿದ್ದಳು. ಅವಳ ಮೇಲಿನವರೂ ಬರುವವರಿದ್ದರು. ಆ ದಿನ ಚಿತ್ರ ತೋರಿಸಿ ಒಮ್ಮೆ ಹೇಳಿಬಿಟ್ಟರೆ ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ಕಟ್ಟುತ್ತ ಹೋಗುತ್ತದೆ. ಅದು ನನಗೂ ತಿಳಿಯುತ್ತಿತ್ತು. ಬುನಾದಿಯಲ್ಲಿ ಬಜ್ಜಿ ಇಟ್ಟು ಮನೆ ಕಟ್ಟಿದ ಹಾಗೆ. ಹೇಳುವುದಿದ್ದರೆ ಅದಕ್ಕೆ ಮೊದಲು ಹೇಳಬೇಕು.

ನಾನೂ ಹೆಂಡತಿಯೂ ಭಾಲ್ಕಿಯಿಂದ ಬಸ್ಸು ಹಿಡಿದು ಹೋದೆವು. ಸಭೆಗೆ ಮುಂಚೆ ಮೂವರೂ ಚಹಾಕ್ಕೆ ಕೂತೆವು. ತಂಗಿ ಹೊಸ ಸೀರೆಯಲ್ಲಿದ್ದಳು, ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

“ಅಣ್ಣಾ, ಎಲಿ ಮ್ಯಾಲಿನ ಸಣ್ಣ ಕೂದಲಕ್ಕ ಮಂದಿ ಮುಂದ ಏನನ್ಲಿ? ಪುಸ್ತಕದ ಶಬ್ದ ಯಾರಿಗೂ ತಿಳಿಯಂಗಿಲ್ಲ.”

“ಸುಂಕು ಅನ್ನು. ಜೋಳದ್ದು ಮೈಗಿ ಹತ್ತಿದ್ರ ಕೆರೀತದಲ್ಲ, ಹಂಗ ಕಡ್ಲಿ ಸುಂಕು ಅನ್ನು. ಹೆಂಗಸರಿಗೂ ತಿಳೀತದ.”

“ಬೇಷ್! ಇದಕ್ಕೇ ನಂಗ ನೀ ಬೇಕು ನೋಡು.”

ನನ್ನ ಹೆಂಡತಿ ಬೆಂಚಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು, “ಇನ್ನೊಂದು ಚಹಾ ತಗೋತೀಯೇನು?” ಎರಡನೆಯ ಸಲ ತುಳಿದಾಗ ಚಪ್ಪಲಿಯ ಹಿಮ್ಮಡಿಯಿಂದ ತುಳಿದಳು. ಅಷ್ಟರಲ್ಲಿ ಯಾರೋ ಬಂದು ತಂಗಿಯನ್ನು ಕರೆದುಕೊಂಡು ಹೋದರು.

ಸಭೆಯಲ್ಲಿ ದೀಪ ಆರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟರು. ನಮ್ಮ ಹೊಲದ ಎಲೆ ಎರಡಾಳೆತ್ತರ. ರೈತರು ‘ಅಬ್ಬಾ’ ಎಂದರು. ‘ಕಡ್ಲಿ ಸುಂಕು’ ಎಂದು ಅವಳು ಹೇಳಿದಾಗ ಹೆಂಗಸರ ಸಾಲಿನಿಂದ ‘ಹೌದ್ರಿ’ ಎಂದು ದನಿ ಬಂತು. ನಾನು ಹೇಳಿಕೊಟ್ಟ ಶಬ್ದ ಎಂದು ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ಅವಳ ಕೋಲು ಎಲೆಯ ನಡುವಿನ ದ್ವೀಪಗಳ ಕಡೆಗೆ ಸರಿಯಿತು.

“ಇದು ಮಜ್ಜಿಗಿ ಹುಳಿ ತೂಕದ್ದು. ಇದು ಹೊರಗಿನಿಂದ ಬಿದ್ದದ್ದೇನು ಅಂತ ಮೊದಲು ನಂಗೂ ಅನುಮಾನ ಬಂತು. ಆದ್ರ ಹೊಲಾ ಕಾಯ್ದವರು ನಮ್ಮಣ್ಣನೇ. ಏನೂ ಬಿದ್ದಿಲ್ಲ ಅಂತ ಹೇಳ್ಯಾನ. ಅವನ ಮಾತಿನ ಮ್ಯಾಲ ನಾ ಇದು ಗಿಡದ್ದೇ ಅಂತ...”

ನಾನು ಎದ್ದು ನಿಂತಿದ್ದೆ. ಹೇಗೆ ಎದ್ದೆ ಎಂದು ತಿಳಿಯದು. ಹೆಂಡತಿ ತಾನು ಎಬ್ಬಿಸಲಿಲ್ಲ ಎಂದು ಆಣೆ ಮಾಡುತ್ತಾಳೆ.

“ಬಿದ್ದಿಲ್ಲರಿ,” ಎಂದೆ. ಎಲ್ಲರೂ ತಿರುಗಿದರು. “ಬಿದ್ದಿಲ್ಲ. ನಾ ಚೆಲ್ಲೀನಿ.”

“ಏನು ಚೆಲ್ಲೀಯಣ್ಣಾ?” ಕತ್ತಲಲ್ಲಿ ತಂಗಿಯ ದನಿ.

“ಬಜ್ಜಿ.”

 ಸಭೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: “ಅಂಬಲಿ ಹಾಕಿಲ್ಲೇನ್ರಿ ಕಾಕಾ?”

“ಹಾಕೀನ್ರಿ. ಮಜ್ಜಿಗಿ ಅದರಾಗೇ ಇತ್ತು.”

ತಂಗಿಯ ಮೇಲಿನವರು, ವಯಸ್ಸಾದ ತೆಲುಗು ಮನುಷ್ಯ, ಪಕ್ಕದವರನ್ನು ದಖನಿ ಉರ್ದುವಿನಲ್ಲಿ “ಬಜ್ಜಿ ಬೋಲೇ ತೋ ಕ್ಯಾ?”, ಬಜ್ಜಿ ಅಂದರೇನು, ಎಂದು ಕೇಳಿದರು. ಪಕ್ಕದವರು ಅವರ ಕಿವಿಯಲ್ಲಿ ಎಳ್ಳಮಾವಾಸ್ಯೆಯನ್ನೆಲ್ಲ ಹೇಳಿದರು. ಕೇಳುತ್ತ ಕೇಳುತ್ತ ಅವರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಎಲ್ಲರೂ ನಗುತ್ತಿರುವಾಗ ನಗದೆ ಇದ್ದವಳು ಒಬ್ಬಳು. ಗೋಡೆಯ ಬೆಳಕು ಅವಳ ಅರ್ಧ ಮುಖದ ಮೇಲಿತ್ತು.

“ಹಂಗಾರ ಈ ಚಿತ್ರ ಇಲ್ಲಿಗೇ ಬಿಡೋಣ್ರಿ,” ಎಂದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಒಂದು ಗುಂಡಿ ಒತ್ತಿದಳು. ನಮ್ಮ ಎಲೆ ಗೋಡೆಯಿಂದ ಹೋಯಿತು. ಉಳಿದದ್ದು ಬರೀ ಬಿಳಿ ಗೋಡೆ. ಮುಂದೆ ಅವಳು ಯಂತ್ರ ಹೇಗೆ ತೂಗುತ್ತದೆ ಎಂದಷ್ಟೇ ಹೇಳಿ, ಅವ್ವನ ಬೀಜದ ಮಾತು ಎತ್ತದೆ ಕೆಳಗಿಳಿದಳು.

ಭಾಲ್ಕಿಗೆ ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಗೆ, ನಡುವೆ ನನ್ನ ಹೆಂಡತಿ, ಈ ತುದಿಗೆ ನಾನು.  ಬೀದರ್ ದಾಟಿದ ಮೇಲೆ ತಂಗಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು:

“ವೈನಿ, ಬಜ್ಜಿಗಿ ಅರಿಶಿಣ ಹಾಕಿದ್ರೇನು?”

“ಹಾಕಿದ್ದೆ.”

“ಬಳ್ಳೊಳ್ಳಿ?”

“ಅದಿಲ್ಲದ ಬಜ್ಜಿ ಹ್ಯಾಂಗ ಆಗ್ತದ?”

“ಅದಕ್ಕೇ. ಇನ್ನೂ ಎರಡು ತೂಕ ಕಂಡಿದ್ದವು. ಏನಂತ ತಿಳೀದ ಒತ್ತಟ್ಟಿಗಿ ಇಟ್ಟಿದ್ದೆ.” ಇನ್ನೊಂದು ಬೆರಳು ಮಡಚಿ, “ಹುಣಸಿಕಾಯಿ?”

ಹೀಗೆ ಬಜ್ಜಿಯ ಒಂದೊಂದು ಸಾಮಾನನ್ನೂ ಅವಳು ಕೇಳಿದಳು, ಹೆಂಡತಿ ಒಪ್ಪಿದಳು. ಅಡುಗೆಯನ್ನಲ್ಲ, ನನ್ನ ಗುಟ್ಟನ್ನು ಇಬ್ಬರೂ ಕೂತು ಹದ ನೋಡುತ್ತಿದ್ದಂತೆ ಇತ್ತು. ಕೊನೆಗೆ ನನ್ನ ಹೆಂಡತಿ, ಒಳ್ಳೆಯ ಮನಸ್ಸಿನಿಂದಲೇ, “ಮರುದಿನಾ ಮುಂಜಾನಿ ನಿಮ್ಮಣ್ಣ ಟವೆಲಿಂದ ಎಲ್ಲಾ ಸ್ವಚ್ಛ ಒರಸ್ಯಾರವ್ವಾ,” ಎಂದಳು.

ತಂಗಿ ಆಗ ನನ್ನ ಕಡೆ ತಿರುಗಿದಳು. “ಒರಸಿದ್ದೇನು?”

“ಜರಾ.”

“ಆ ಕರೀ ಗೆರಿ ನಿನ್ನ ಟವೆಲ್ಲೇನಣ್ಣಾ?” ಅವಳ ದನಿ ಮೊದಲ ಸಲ ಒಡೆಯಿತು. “ಬರೀ ಬಜ್ಜಿ ಆಗಿದ್ರ ಬಜ್ಜಿ ತೂಕ ಬಿಟ್ಟು ಉಳಿದದ್ದು ನೋಡಬಹುದಿತ್ತು. ಒರಸಿದ್ರ ಸುಂಕಿನ ತುದಿನೇ ಮುರದು ಹೋಗ್ತದ. ಹುಳಿ ಎಲ್ಲಿತ್ತು ಅಂತ ಇನ್ನ ಯಾರು ಹೇಳ್ಬೇಕು? ಕೇಳಿದ ದಿನಾನೇ ಹೇಳಿದ್ರ ಗಿಡಾ ಇನ್ನೂ ಹೊಲದಾಗಿದ್ವು. ಬ್ಯಾರೇ ರೆಂಬಿ ಒಯ್ತಿದ್ದೆ.”

 ಆ ಒಂದು ಎಲೆಯ ಮೇಲೆ ನನ್ನ ಜಂಬ ಬೆಳ್ಳಗೆ, ನನ್ನ ಅಂಜಿಕೆ ಕಪ್ಪಗೆ ಬರೆದುಕೊಂಡಿತ್ತು. ಅಷ್ಟು ದಿನ ಅವಳು ಅದನ್ನು ಗಿಡದ ಗುಣ ಎಂದು ಓದಿದ್ದಳು.

ಅವಳ ಮೇಲಿನವರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆ ಚಿತ್ರವನ್ನು ಈಗ ಹೊಸಬರಿಗೆ ತೋರಿಸುತ್ತಾರಂತೆ, ಎಲೆ ತರುವಾಗ ಏನು ಮಾಡಬಾರದು ಎಂದು. ಅವ್ವನ ಬೀಜದ ಕೆಲಸ ಮಾತ್ರ ಮುಂದಿನ ಬೆಳೆಯ ತನಕ ನಿಂತಿತು. ಅಷ್ಟು ದಿನ ಅವಳು ಬೇರೆಯವರ ಕಾಂಡ, ಬೇರೆಯವರ ಬೇರು ಕೊಯ್ದು ಕೊಟ್ಟಳು.

ಮನೆಗೆ ಫೋನು ಬರುತ್ತಲೇ ಇತ್ತು. ನನ್ನ ಜೊತೆಗೂ ಮಾತಾಡುತ್ತಿದ್ದಳು: ಉಂಡೆಯೇನು, ಮೊಣಕಾಲು ಹೇಗಿದೆ. ಆದರೆ ಹೊಲದ ಮಾತು ಮಾತ್ರ ನನ್ನ ಹೆಂಡತಿಯ ಜೊತೆ. ಮಳೆ ಬಂತೇನು, ಬಿತ್ತಿದಿರೇನು, ಹುಳ ಬಿತ್ತೇನು, ಎಲ್ಲ ‘ವೈನಿ, ವೈನಿ’. ನಾನು ಪಕ್ಕದಲ್ಲೇ ಕೂತು, ಬಿತ್ತಿದವನು ನಾನೇ ಆಗಿ, ಹೆಂಡತಿ ನನ್ನನ್ನು ಕೇಳಿ ಅವಳಿಗೆ ಹೇಳುವುದನ್ನು ಕೇಳುತ್ತಿದ್ದೆ. ಒಂದು ಸಲ ತಡೆಯಲಾರದೆ ದೂರದಿಂದ “ಹದ ಚೊಲೋ ಅದ ಅಂತ ಹೇಳು!” ಎಂದು ಕೂಗಿದೆ. ಆ ಕಡೆಯಿಂದ, “ವೈನಿ, ನೀವು ಖುದ್ದ ನೋಡೀರೇನು?”

ಮತ್ತೆ ಎಳ್ಳಮಾವಾಸ್ಯೆ ಬಂತು. ಈ ಸಲ ತಂಗಿ ಹಬ್ಬದ ಹಿಂದಿನ ದಿನವೇ ಪೆಟ್ಟಿಗೆಯ ಸಮೇತ ಬಂದಳು. ಡಾಬಕಾದ ಭಾವಮೈದುನನೂ ಬಂದ. ನಡೆದದ್ದೆಲ್ಲ ಅವನಿಗೆ ತಿಳಿದಿತ್ತು; ಅವಳ ಮುಂದೆ ಕಿವಿ ಹಿಡಿದುಕೊಂಡು, “ತಾಯೀ, ನಂದೂ ಅರ್ಧಾ ಪಾಲು ಅದ,” ಎಂದ.

“ನಿಮ್ಮ ಬಾಯಿ ತೂಗೋ ಯಂತ್ರ ಇನ್ನೂ ಬಂದಿಲ್ಲ, ಇಲ್ಲಾಂದ್ರ ನಿಮ್ಮನ್ನೂ ಒಯ್ತಿದ್ದೆ,” ಎಂದಳು ಅವಳು.

ಹಬ್ಬದ ಬೆಳಿಗ್ಗೆ, ಪೂಜೆಗೆ ಮೊದಲು, ಮೂಲೆಯ ಸಾಲಿಗೆ ಎಲ್ಲರೂ ಹೋದೆವು. ಅವ್ವನ ಬೀಜದ ಗಿಡಗಳಿಗೆ ಮತ್ತೆ ಕೆಂಪು ರಿಬ್ಬನ್. ಹಿಂದಿನ ಸಂಜೆ ಸಾಲಿನ ಅತ್ತಿತ್ತ ಕಳೆ ತೆಗೆಯಲು ನಾನೊಬ್ಬನೇ ಬಂದಿದ್ದೆ. ತಂಗಿ ಕೈಗೆ ಗವಸು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಳು. ನನ್ನ ಹೆಂಡತಿಯ ಕಡೆ ನೋಡಿದಳು. ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ, “ನಂಗೇನು ಕೇಳ್ತೀಯವ್ವಾ, ನಾ ನಿನ್ನೆ ಅಡಗಿ ಮನ್ಯಾಗಿದ್ದೆ,” ಎಂದು ಆಕಾಶ ನೋಡಿದಳು.

ತಂಗಿ ನನ್ನ ಕಡೆ ತಿರುಗಿದಳು.

“ಅಣ್ಣಾ, ಏನರ ಬಿದ್ದದೇನು?”

“ಬಿದ್ದಿಲ್ಲ.”

“ಚೆಲ್ಲೀಯೇನು?”

“ಇಲ್ಲ.”

“ಹಾಕಿದ್ದು, ಸಿಂಪಡಿಸಿದ್ದು, ಸುರುವಿದ್ದು, ಉದುರಿಸಿದ್ದು?”

“ಇಲ್ಲ, ಇಲ್ಲ, ಇಲ್ಲ, ಇಲ್ಲ.”

“ಒರಸೀಯೇನು?”

ಭಾವಮೈದುನ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ನಾನು ಸಾಲು ನೋಡಿದೆ. ತುದಿಯ ಒಂದು ಗಿಡ ಎಲ್ಲಕ್ಕಿಂತ ಸೊಂಪಾಗಿತ್ತು. ಅವಳ ಕತ್ತರಿ ಆಗಲೇ ಅದರ ಕಡೆ ಬಾಗಿತ್ತು.

“ಒರಸಿಲ್ಲ,” ಎಂದೆ. “ಆದ್ರ ಆ ತುದೀದು ಬ್ಯಾಡ. ನಿನ್ನೆ ಕಳೆ ತೆಗಿಯೋವಾಗ ಬಗ್ಗಿದ್ನಿ, ಹೆಗಲ ಮ್ಯಾಲಿನ ಟವೆಲ್ ಜಾರಿ ಅದಕ್ಕ ತಾಗ್ಯದ. ಕಣ್ಣಿಗೇನೂ ಕಾಣಂಗಿಲ್ಲ. ತಾಗ್ಯದ ಮಾತ್ರ ಖರೇ.”

ಅವಳು ಆ ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು. ಕತ್ತರಿ ಹಿಂದೆ ತೆಗೆದು, ಆ ಗಿಡದ ರಿಬ್ಬನ್ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಉಳಿದ ಗಿಡಗಳಿಂದ ರೆಂಬೆ ತೆಗೆದು ಹೊಗೆಯೊಳಗೆ ಮುಚ್ಚಿದಳು. ಆಮೇಲೆ ಕೈಗವಸು ಕಳಚಿ, ತುದಿಯ ಗಿಡದ ಮುಂದೆ ಬಾಗಿ, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ನಾಲಿಗೆಯ ತುದಿ ತಾಗಿಸಿ ಕಣ್ಣು ಮುಚ್ಚಿದಳು.

“ಹುಳಿ ಅದಣ್ಣಾ,” ಎಂದಳು. “ಜರಾ ನಿನ್ನ ಟವೆಲ್ ವಾಸ್ನೀನೂ ಅದ. ಹೋಗು, ಪೂಜಿ ಮುಗಿಸಿ ಬುಟ್ಟಿ ತಗೊಂಡು ಬಾ. ಇದಕ್ಕ ಮೊದಲು ಚರಗ ಹಾಕು.”